ಮಡಿಚಿಟ್ಟ ಕೊಡೆಯೊಳಗಿನ ಆಲೂಗಡ್ಡೆ

ಕೊಡೆ ಕಾರ್ಖಾನೆಯ ಕೊನೆಯ ಮೇಜು ಅವನದು. ಕೊಡೆ ಕೈಗೆತ್ತಿಕೊಳ್ಳಬೇಕು, ಗುಂಡಿ ಒತ್ತಬೇಕು, ಟಪ್ಪೆಂದು ಬಿಚ್ಚಿಕೊಂಡದ್ದನ್ನು ಒಮ್ಮೆ ಗಿರ್ರನೆ ತಿರುಗಿಸಿ ಕಡ್ಡಿಗಳನ್ನೆಲ್ಲ ನೋಡಬೇಕು, ಮಡಿಚಬೇಕು. ಚೆನ್ನಾಗಿದ್ದರೆ ಎಡಗಡೆ, ಕೆಟ್ಟಿದ್ದರೆ ಬಲಗಡೆ. ಬೆಳಿಗ್ಗೆಯಿಂದ ಸಂಜೆವರೆಗೂ ಇಷ್ಟೇ. ತಲೆ ಮೇಲೆ ಸೂರಿಟ್ಟುಕೊಂಡು ದಿನವಿಡೀ ಕೊಡೆ ಬಿಚ್ಚುವ ಭಾಗ್ಯ ಎಷ್ಟು ಜನಕ್ಕುಂಟು ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಳೆ ಬಂದ ದಿನ ಮಾತ್ರ ತಪ್ಪದೆ ಕೊಡೆ ಮರೆತು ಬಂದು, ನೆನೆದ ಕೋಳಿಯಂತೆ ಮನೆ ಸೇರುತ್ತಿದ್ದ.

ಆ ಕೆಲಸ ತಲೆಗೆ ಹತ್ತಿತ್ತೋ ಇಲ್ಲವೋ, ಕೈಗಂತೂ ಹತ್ತಿಬಿಟ್ಟಿತ್ತು. ಮನಸ್ಸು ಬೇರೆಲ್ಲೋ ಇದ್ದಾಗ ಕೈ ತನ್ನ ಪಾಡಿಗೆ ಡ್ಯೂಟಿ ಮಾಡುತ್ತಿತ್ತು. ಡಬ್ಬಿ ಸಿಕ್ಕರೆ ಮುಚ್ಚಳ ತೆಗೆದು, ತಿರುಗಿಸಿ, ಮುಚ್ಚಿ, ಎಡಗಡೆ ಇಡುವುದು. ಪುಸ್ತಕ ಸಿಕ್ಕರೂ ಅದೇ ಗತಿ. ಒಮ್ಮೆ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಕೂತವನು ಕತ್ತರಿಯನ್ನು ಬಿಚ್ಚಿ, ತಿರುಗಿಸಿ, ಮಡಿಚಿ, ಎಡಗಡೆ ಇಟ್ಟಿದ್ದ.

"ಪಾಸಾಯ್ತಾ ಸಾರ್? ಇನ್ನು ಕಟಿಂಗ್ ಶುರು ಮಾಡ್ಲಾ?" ಎಂದು ಅಂಗಡಿಯವನು ಕೇಳಿದಾಗಲೇ ಅವನಿಗೆ ಎಚ್ಚರವಾದದ್ದು.

ಮನೆಯಲ್ಲಿ ಅವನ ಹೆಸರು ವಿಜ್ಞಾನಿ. ಇಟ್ಟವರು ಅಕ್ಕನ ಗಂಡ, ಅಂದರೆ ಭಾವ. ಅಕ್ಕ ಅಡುಗೆಮನೆಯಲ್ಲಿ ನಿಂತೇ ಒಣಗಿದ ಬಟ್ಟೆ ಎಳೆದುಕೊಳ್ಳಲಿ ಎಂದು ಅವನು ಹಗ್ಗಕ್ಕೆ ರಾಟೆ ಕಟ್ಟಿದ್ದ. ಆ ಯಂತ್ರ ಮೊದಲ ದಿನವೇ ಭಾವನ ಪ್ಯಾಂಟನ್ನು ಎದುರು ಮನೆಯ ಬಾಲ್ಕನಿಗೆ ಒಪ್ಪಿಸಿ ಬಂದಿತು. ಪ್ಯಾಂಟು ಮರುದಿನ ಇಸ್ತ್ರಿಯಾಗಿ ವಾಪಸ್ಸು ಬಂದದ್ದರಿಂದ ಪ್ರಯೋಗ ಪೂರ್ತಿ ಸೋತಿತೆಂದು ಹೇಳಲಾಗದು ಎಂಬುದು ಅವನ ವಾದ.

ಈ ವಿಜ್ಞಾನಕ್ಕೆಲ್ಲ ತವರುಮನೆ ಮೆಟ್ಟಿಲ ಕೆಳಗಿನ ಕೋಣೆ. ಅರ್ಧದಲ್ಲಿ ಅವನ ಸ್ಪ್ರಿಂಗು, ತಂತಿ, ಕಾರ್ಖಾನೆಯಲ್ಲಿ ಬಲಗಡೆಗೆ ಬಿದ್ದ ಕೊಡೆಗಳು. ಇನ್ನರ್ಧದಲ್ಲಿ ಭಾವನ ಕಬ್ಬಿಣದ ತುಂಡುಗಳು. ಭಾವ ವೆಲ್ಡರ್. ಊರಿನ ಕಿಟಕಿಗಳಿಗೆಲ್ಲ ಗ್ರಿಲ್ ಮಾಡಿಕೊಡುವ ಅವರು ಈ ಕೋಣೆಯ ಕಿಟಕಿಗೆ ಮಾತ್ರ ಮದುವೆಯಾದಾಗಿನಿಂದ ರಟ್ಟು ಬಡಿದಿಟ್ಟಿದ್ದರು. ಅಕ್ಕ ಕೇಳಿದಾಗಲೆಲ್ಲ "ಈ ವಾರ ಮಾಡ್ತೀನಿ ಕಣೆ" ಎನ್ನುವರು. ಯಾವ ವಾರ ಎಂದು ಹೇಳುತ್ತಿರಲಿಲ್ಲ.

ಅಕ್ಕನಿಗೆ ಆ ಕೋಣೆ ಬೇಕಿತ್ತು. ಅವಳು ಬಟ್ಟೆ ಹೊಲಿಯುತ್ತಿದ್ದಳು, ಹೊಲಿಯಲು ಅವಳಿಗಿದ್ದ ಜಾಗ ಅಡುಗೆಮನೆಯ ಕಟ್ಟೆ. ಒಲೆಯ ಪಕ್ಕದಲ್ಲೇ ಮೆಷಿನ್ನು. ಹೊಲಿಗೆ ಒಂದು ಹದಕ್ಕೆ ಬಂತೆನ್ನುವಾಗ ಯಾರಿಗಾದರೂ ಹಸಿವಾಗುತ್ತಿತ್ತು. ಮೆಷಿನ್ ಕೆಳಗಿಳಿಸಿ ತರಕಾರಿ ಹೆಚ್ಚಬೇಕು, ತೊಳೆದು ಒರೆಸಿದ ಮೇಲೆ ಮತ್ತೆ ಮೆಷಿನ್ ಮೇಲೆತ್ತಬೇಕು. ಕೋಣೆಯ ಮಾತೆತ್ತಿದರೆ ಗಂಡನೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಲ್ಲಿ ಬಹಳ ಮುಖ್ಯವಾದ ಸಾಮಾನಿದೆ ಎನ್ನುವರು. ಬೇರೆ ಯಾವ ವಿಷಯದಲ್ಲೂ ಅವರಿಬ್ಬರಿಗೆ ಅಷ್ಟು ಒಮ್ಮತವಿರಲಿಲ್ಲ.

ಹೀಗಿರುವಾಗ ಮೇಲಿನ ಮನೆಯ ಅಜ್ಜಿ ಒಂದು ಸಂಜೆ ಮೆಟ್ಟಿಲಿಳಿದು ಬಂದು ಆಸೆ ತೋಡಿಕೊಂಡರು.

"ಬಾಯಲ್ಲಿ ನಾಲ್ಕು ಹಲ್ಲು ಉಳಿದಿರೋವಾಗ್ಲೇ ಹೊಳೆ ದಂಡೇಲಿ ಬೆಂಕಿ ಹಾಕ್ಕೊಂಡು, ಏನಾದ್ರೂ ಬಿಸಿಬಿಸಿ ಸುಟ್ಟು ತಿನ್ಬೇಕು ಕಣ್ರೋ."

"ಅದಕ್ಕೇನಂತೆ ಅಜ್ಜಿ! ಮಡಿಚಿ ಚೀಲದಲ್ಲಿ ಹಾಕ್ಕೊಂಡು ಹೋಗೋ ಅಂಥ ಗ್ರಿಲ್ ನಾನು ಮಾಡ್ತೀನಿ" ಎಂದ ವಿಜ್ಞಾನಿ.

"ಗ್ರಿಲ್ ಮಾಡೋದು ನನ್ನ ಕಸುಬು ಕಣೋ. ನೀನು ನಿನ್ನ ಕೊಡೆ ಬಿಚ್ಕೊಂಡಿರು" ಎಂದರು ಭಾವ.

ಅಕ್ಕ ಮೆಷಿನ್ ನಿಲ್ಲಿಸಿದಳು. "ಇಬ್ಬರೂ ಮಾಡಿ. ಭಾನುವಾರ ಹೊಳೆ ದಂಡೆಗೆ ತನ್ನಿ. ನಾಲ್ಕು ಜನರ ಹೊಟ್ಟೆ ತುಂಬೋ ಅಷ್ಟು ನೆಟ್ಟಗೆ ಬೆಂದ್ರೆ ಕೋಣೆ ನಿಮ್ಮದೇ, ಮತ್ತೆ ನಾನು ಬಾಯಿ ಬಿಡಲ್ಲ. ಬೇಯ್ಲಿಲ್ಲ ಅಂದ್ರೆ ಸೋಮವಾರ ನನ್ನ ಮೆಷಿನ್ ಒಳಗೆ, ನಿಮ್ಮ ಗುಜರಿ ಹೊರಗೆ. ಏನಂತೀರಿ ಅಜ್ಜಿ?"

"ತೀರ್ಪು ನಾನು ಹೇಳ್ತೀನಿ. ತಿಂದ ಮೇಲೆ" ಎಂದರು ಅಜ್ಜಿ.

ವಿಜ್ಞಾನಿಯ ಮೊದಲ ಗ್ರಿಲ್ ಮೇಜಿನ ಫ್ಯಾನಿನ ಮುಂದಿನ ಜಾಲರಿ. ಮಹಡಿಯ ಮೇಲೆ ಕೆಂಡ ಮಾಡಿ ಇಟ್ಟ ಕೂಡಲೇ ಅದರ ನೀಲಿ ಬಣ್ಣ ಹೊಗೆಯಾಡತೊಡಗಿತು. ಆ ನಾತಕ್ಕೆ ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಆಲೂಗಡ್ಡೆಯನ್ನು ತಿನ್ನದೆ ಎಸೆಯುವಷ್ಟು ಬುದ್ಧಿ ಅವನಿಗಿತ್ತು. ಜಾಲರಿ ಕಳೆದುಕೊಂಡ ಫ್ಯಾನು ಮಾತ್ರ ಅಂದಿನಿಂದ ಹಲ್ಲು ಕಿಸಿದುಕೊಂಡು ತಿರುಗುತ್ತಿತ್ತು, ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಎರಡನೆಯದಕ್ಕೆ ಅವನು ಬೇರೆ ಕಡೆ ನೋಡಲಿಲ್ಲ. ಬೇಡವೆಂದು ಬಿಸಾಡಿದ ಒಂದು ಕೊಡೆ ಕೋಣೆಯಲ್ಲಿತ್ತು. ಬಟ್ಟೆಯ ಮೇಲೆ ಬಾತುಕೋಳಿಗಳನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದರಿಂದ ಅದು ಬಲಗಡೆಗೆ ಬಿದ್ದಿತ್ತು. ಕಡ್ಡಿಗಳೇನೋ ಗಟ್ಟಿ. ಬಟ್ಟೆ ಕಳಚಿ ಎಸೆದು, ಪ್ಲಾಸ್ಟಿಕ್ಕೆಲ್ಲ ಕಿತ್ತು, ಹಿಡಿಗೆ ಮಾತ್ರ ಮರದ ತುಂಡು ಸಿಕ್ಕಿಸಿ, ಕಡ್ಡಿಯಿಂದ ಕಡ್ಡಿಗೆ ಸಣ್ಣ ಉಕ್ಕಿನ ತಂತಿಯನ್ನು ಜೇಡರ ಬಲೆಯಂತೆ ಸಡಿಲವಾಗಿ ಹೆಣೆದ. ಗುಂಡಿ ಒತ್ತಿದರೆ ಟಪ್ಪೆಂದು ಗ್ರಿಲ್! ಆ ಸದ್ದಿಗೆ ಅವನ ಎದೆ ಉಬ್ಬಿತು. ಮಹಡಿಗೆ ಒಯ್ದು ನಿಲ್ಲಿಸಿ, ಮೇಲೆ ಒಂದೊಂದಾಗಿ ಆಲೂಗಡ್ಡೆ ಇಟ್ಟ. ಒಂದೊಂದಾಗಿ ಅವು ಜಾರಿ, ಮಹಡಿಯುದ್ದಕ್ಕೂ ಉರುಳಿ, ಮೆಟ್ಟಿಲಿಳಿದು ಅಜ್ಜಿಯ ಬಾಗಿಲು ತಟ್ಟಿದವು.

ಮೇಲೆ ಒಂದು ಹನಿಯೂ ನಿಲ್ಲಬಾರದು ಎಂದು ಇಷ್ಟು ಕಾಲ ಪರೀಕ್ಷೆ ಮಾಡಿದವನಿಗೆ, ಆಲೂಗಡ್ಡೆಯೂ ನಿಲ್ಲುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಅಜ್ಜಿ ಸೆರಗಿನಲ್ಲಿ ಆಲೂಗಡ್ಡೆ ತುಂಬಿಕೊಂಡು ಮೇಲೆ ಬಂದರು. "ನಿನ್ನ ಗ್ರಿಲ್ಲು ಚೆನ್ನಾಗಿ ಹಂಚುತ್ತೆ ಕಣಪ್ಪ. ಬೇಯಿಸೋದನ್ನೂ ಸ್ವಲ್ಪ ಹೇಳ್ಕೊಡು."

ಸರಿ, ತಲೆಕೆಳಗು ಮಾಡಿದ. ತುದಿಯನ್ನು ಮರಳಿಗೆ ಚುಚ್ಚಿದರೆ ಹಿಡಿ ಮೇಲಕ್ಕಿರುತ್ತದೆ, ಕಡ್ಡಿಗಳು ಬಾಣಲೆಯಂತೆ ಬಾಯಿ ತೆರೆದಿರುತ್ತವೆ, ಏನೂ ಉರುಳಿ ಹೋಗುವುದಿಲ್ಲ. ಮರಳು ಮಹಡಿಯಲ್ಲಿರಲಿಲ್ಲವಾದ್ದರಿಂದ ಪರೀಕ್ಷೆಯನ್ನು ನೇರವಾಗಿ ಭಾನುವಾರಕ್ಕೇ ಬಿಟ್ಟ.

ಅವನು ಎಸೆದ ಬಟ್ಟೆಯನ್ನು ಅಕ್ಕ ಎತ್ತಿಟ್ಟುಕೊಂಡಿದ್ದಳು. ಶನಿವಾರ ಸಂಜೆ ಒಲೆಯ ಮೇಲೆ ಬೇಳೆ ಬೇಯುವ ಹೊತ್ತಿನಲ್ಲಿ ಅದನ್ನು ಕತ್ತರಿಸಿ, ಹೆಗಲಿಗೆ ಹಾಕುವ ಉದ್ದನೆಯ ಚೀಲ ಹೊಲಿದುಬಿಟ್ಟಳು. ಕೊಡೆಯಲ್ಲಿ ತಲೆಕೆಳಗಾಗಿದ್ದ ಬಾತುಕೋಳಿಗಳು ಚೀಲದಲ್ಲಿ ನೆಟ್ಟಗೆ ನಿಂತು, ಸಾಲಾಗಿ ನಡೆಯುತ್ತಿದ್ದವು.

"ತಗೋ. ಆ ಕಡ್ಡಿಗಳನ್ನ ಹಂಗೇ ಬಸ್ಸಲ್ಲಿ ಹಿಡ್ಕೊಂಡು ಬಂದ್ರೆ ಯಾರದಾದ್ರೂ ಕಣ್ಣು ಹೋಗುತ್ತೆ" ಎಂದಳು.

"ಗೆಲ್ಲೋದು ನಾನು ಅಂತ ಗೊತ್ತಿದ್ದೂ ಸಹಾಯ ಮಾಡ್ತಿದೀಯಲ್ಲ ಅಕ್ಕ!"

"ನಿನ್ನನ್ನ ಚಿಕ್ಕಂದಿನಿಂದ ನೋಡಿದ್ದೀನಿ ಕಣೋ. ಅದಕ್ಕೇ ಧೈರ್ಯವಾಗಿ ಮಾಡ್ತಿದೀನಿ."

ಭಾವನ ಗ್ರಿಲ್ ಭಾನುವಾರ ಬೆಳಿಗ್ಗೆಯೇ ಹೊರಬಂದದ್ದು. ನಾಲ್ಕು ಕಾಲು ಬಿಟ್ಟರೆ ಅದು ಸಾಕ್ಷಾತ್ ಕಿಟಕಿ. ಅದೇ ಅಳತೆ, ಅದೇ ದಪ್ಪನೆಯ ಸರಳು, ನಟ್ಟನಡುವೆ ದಳಗಳನ್ನು ಅಗಲವಾಗಿ ಬಿಚ್ಚಿಕೊಂಡ ಒಂದು ಕಬ್ಬಿಣದ ಹೂವು.

"ಹೂವು ಯಾಕೆ ಭಾವ?"

"ಹೂವಿಲ್ಲದೆ ನಾನು ಇವತ್ತಿನವರೆಗೆ ಒಂದು ಗ್ರಿಲ್ಲೂ ಮಾಡಿಲ್ಲ."

"ರೀ, ಇದನ್ನ ಎತ್ಕೊಂಡು ಹೋಗೋದು ಹೇಗೆ?" ಎಂದಳು ಅಕ್ಕ.

"ಹಿಡಿಕೆ ಇಟ್ಟಿದ್ದೀನಲ್ಲ!" ಎಂದು ಭಾವ ಎರಡು ಬದಿಯ ಹಿಡಿಕೆಗಳನ್ನು ತೋರಿಸಿದರು. ಹಿಡಿಕೆಯಿದ್ದರೆ ಸಾಕು, ಭೂಮಿಯನ್ನೂ ಎತ್ತಬಹುದೆಂಬ ನಂಬಿಕೆ ಅವರದು.

ಕೊನೆಗೆ ಒಂದು ಹಿಡಿಕೆಯನ್ನು ಎದುರಾಳಿಯೇ ಹಿಡಿಯಬೇಕಾಯಿತು. ಬಸ್ಸು ಹತ್ತುವಾಗ ಕಂಡಕ್ಟರ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಸ್ವಂತ ಕಿಟಕಿ ತಂದಿದ್ದೀರಾ? ಬಸ್ಸಲ್ಲಿರೋದು ಸಾಲಲ್ವಾ?"

ಹೊಳೆಯ ದಂಡೆಯಲ್ಲಿ ಆಗಲೇ ಅಲ್ಲೊಂದು ಇಲ್ಲೊಂದು ಬೆಂಕಿ ಎದ್ದಿತ್ತು. ಪಕ್ಕದಲ್ಲೇ ಹುಲ್ಲಿನ ಟೋಪಿ ಹಾಕಿಕೊಂಡ ಒಬ್ಬರು ಅಂಗಡಿಯಲ್ಲಿ ಕೊಂಡ ಸೊಗಸಾದ ಗ್ರಿಲ್ ಇಟ್ಟುಕೊಂಡು ಕೂತಿದ್ದರು. ವಿಜ್ಞಾನಿ ಆ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟ. ಕಲ್ಲು ಜೋಡಿಸಿ ಎರಡು ಕಡೆ ಸೌದೆ ಉರಿಸಿ, ಕೆಂಡವಾಗುವವರೆಗೆ ಕಾದರು. ಅಕ್ಕ ಆಲೂಗಡ್ಡೆ, ಮುಸುಕಿನ ಜೋಳ, ಈರುಳ್ಳಿ, ದಪ್ಪ ಮೆಣಸಿನಕಾಯಿ ತಂದು ಎರಡು ಪಾಲು ಮಾಡಿಟ್ಟಳು. ಅಜ್ಜಿ ಮಡಿಚುವ ಕುರ್ಚಿಯಲ್ಲಿ ನ್ಯಾಯಾಧೀಶರಂತೆ ಆಸೀನರಾದರು.

ಮೊದಲು ಭಾವನದು. ಗ್ರಿಲ್ಲನ್ನು ಕೆಂಡದ ಮೇಲೆ ನಿಲ್ಲಿಸಿ ಆಲೂಗಡ್ಡೆ ಜೋಡಿಸಿದರು. ಅದು ನಿಂತಿತು. ಆಮೇಲೆ ಯಾವ ಅವಸರವೂ ಇಲ್ಲದೆ, ತನ್ನ ಭಾರಕ್ಕೆ ತಾನೇ ಮರಳಿನಲ್ಲಿ ಇಳಿಯತೊಡಗಿತು. ಭಾವ "ಸಾಕು, ಸಾಕು" ಎನ್ನುತ್ತಿದ್ದಂತೆ ಕಾಲುಗಳು ಪೂರ್ತಿ ಹೂತು, ಸರಳುಗಳು ಕೆಂಡಕ್ಕೆ ಬೆನ್ನು ತಾಗಿಸಿ ಮಲಗಿದವು. ಆಲೂಗಡ್ಡೆಗಳೆಲ್ಲ ನಡುವಿಗೆ ಸರಿದು ದಳಗಳ ಸಂದಿಯಲ್ಲಿ ಒಂದರ ಹಿಂದೊಂದು ಮಾಯವಾದವು.

"ನಿನ್ನ ಹೂವಿಗೆ ಒಳ್ಳೇ ಹಸಿವು ಕಣೋ. ಎಲ್ಲಾ ಅದೇ ನುಂಗ್ತಾ ಇದೆ" ಎಂದರು ಅಜ್ಜಿ.

ಭಾವ ಇಕ್ಕಳದಿಂದ ಕೆದಕಿ ತೆಗೆದದ್ದು ಇದ್ದಿಲು ಎಂದರೆ ಇದ್ದಿಲು, ಆಲೂಗಡ್ಡೆ ಎಂದರೆ ಆಲೂಗಡ್ಡೆ. ಅಕ್ಕ ಒಂದು ಕಡ್ಡಿ ತೆಗೆದುಕೊಂಡು ಮರಳ ಮೇಲೆ ಚೌಕವೊಂದನ್ನು ಗೀಚಿದಳು.

ಈಗ ವಿಜ್ಞಾನಿಯ ಸರದಿ. ಬಾತುಕೋಳಿ ಚೀಲದಿಂದ ಕತ್ತಿ ಸೆಳೆದಂತೆ ತನ್ನದನ್ನು ಸೆಳೆದ. ಗುಂಡಿ ಒತ್ತಿದ. ಟಪ್! ಟೋಪಿಯವರೂ ತಿರುಗಿ ನೋಡಿದರು. ಕೆಂಡದ ನಡುವೆ ತುದಿ ಚುಚ್ಚಿ ನಿಲ್ಲಿಸಿ ತರಕಾರಿ ಸುರಿದ. ಎಲ್ಲವೂ ನಡುಗೋಲಿನ ಸುತ್ತ ಒಂದೇ ಗುಡ್ಡೆಯಾಗಿ ಬಿದ್ದವು, ಬಸ್ಸಿನ ಬಾಗಿಲಲ್ಲಿ ಜನ ಒತ್ತಿಕೊಂಡ ಹಾಗೆ. ತಳದಲ್ಲಿದ್ದವು ಕರಕಲಾಗತೊಡಗಿದವು. ಮೇಲಿದ್ದವಕ್ಕೆ ತಣ್ಣನೆಯ ಹೊಳೆಗಾಳಿ ಬೀಸುತ್ತಿತ್ತು. ಕೋಲು ಹಾಕಿ ತಿರುವಿದರೆ ತಂತಿಗೆ ಸಿಕ್ಕಿಕೊಳ್ಳುತ್ತಿತ್ತು.

"ಬೇಯ್ತಾ ಇದೆಯೇನೋ?" ಎಂದರು ಭಾವ. ಅವರ ದನಿಯಲ್ಲಿ ಅಂಥ ಕಳಕಳಿ ಅವನು ಹಿಂದೆಂದೂ ಕೇಳಿರಲಿಲ್ಲ.

"ಮೇಲ್ಗಡೆ ನಾಳೆ ಬೇಯುತ್ತೆ, ಕೆಳಗಡೆ ನಿನ್ನೇನೇ ಬೆಂದಿದೆ" ಎಂದರು ಅಜ್ಜಿ.

ಅವನು ಹಿಡಿ ಹಿಡಿದು ನಿಂತ. ಕಣ್ಣು ಅಕ್ಕನ ಕಡೆ ಹೋಯಿತು. ಅವಳು ಗೀಚಿದ ಚೌಕದೊಳಗೆ ಈಗ ಒಂದು ಸಣ್ಣ ಚೌಕ ಬಂದಿತ್ತು, ಕಿಟಕಿಯ ಪಕ್ಕ. ಅದು ಮೆಷಿನ್ನು. ಎದುರು ಗೋಡೆಗೆ ಉದ್ದನೆಯ ಗೀಟು, ಅದು ಬಟ್ಟೆ ಕತ್ತರಿಸುವ ಮೇಜಿರಬೇಕು. ಅವನ ಸ್ಪ್ರಿಂಗು, ತಂತಿ, ಎಲ್ಲ ಎಲ್ಲಿಗೆ ಹೋಗಬೇಕು? ಮಹಡಿಗೆ? ಮಳೆ ಬಂದರೆ? ಕೊಡೆ ಹಿಡಿಯುವವರು ಯಾರು? ಯೋಚನೆ ಅಷ್ಟು ದೂರ ಹೋಗಿದ್ದಾಗ ಅವನ ಕೈ, ಯಜಮಾನನಿಲ್ಲದ ಹೊತ್ತು ನೋಡಿ, ತನ್ನ ಡ್ಯೂಟಿಗೆ ಹಾಜರಾಯಿತು.

ಗಿರ್ರನೆ ಒಂದು ಸುತ್ತು ತಿರುಗಿಸಿತು. ನಡುಗೋಲಿನ ಮೇಲೆ ಜಾರುವ ಬಳೆಯನ್ನು ಎಳೆದು ಮಡಿಚಿತು. ಮರಳಿನಿಂದ ಕಿತ್ತು, ಎಡಗಡೆಗೆ ಇಟ್ಟಿತು.

ಅಜ್ಜಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

"ಊಟ ಪಾಸಾಯ್ತಾ?" ಎಂದಳು ಅಕ್ಕ.

ವಿಜ್ಞಾನಿ ಕೆಳಗೆ ನೋಡಿದ. ಎಡಗಡೆ ಇದ್ದದ್ದು ಭಾವನ ಮಲಗಿದ ಕಿಟಕಿ. ಅದರ ಸರಳುಗಳ ಮೇಲೆ ಕೊಡೆ ಅಡ್ಡಡ್ಡ ಬಿದ್ದಿತ್ತು. ಕಡ್ಡಿಗಳು ಸುತ್ತ ಕೂಡಿಕೊಂಡು, ತರಕಾರಿಯನ್ನೆಲ್ಲ ನಡುಗೋಲಿನುದ್ದಕ್ಕೂ ಅಪ್ಪಿ ಹಿಡಿದಿದ್ದವು. ಒಂದು ಈರುಳ್ಳಿಯೂ ಹೊರಬಿದ್ದಿರಲಿಲ್ಲ. ಕೆಳಗೆ ಕೆಂಡ ಹದವಾಗಿ ಉಸಿರಾಡುತ್ತಿತ್ತು. ಚಟಪಟ ಸದ್ದು ಬಂತು, ಹಿಂದೆಯೇ ಜೋಳ ಸುಡುವ ಘಮ.

"ತಿರುಗಿಸೋ ಪೆದ್ದ!" ಎಂದು ಮೊದಲು ಎಚ್ಚೆತ್ತವರು ಭಾವ. ಅವರೇ ಓಡಿ ಬಂದು ತುದಿಗೆ ಇಕ್ಕಳ ಹಾಕಿದರು, ಇವನು ಹಿಡಿ ಹಿಡಿದ. ಇಬ್ಬರೂ ಎದುರುಬದುರು ಕುಕ್ಕರಗಾಲಲ್ಲಿ ಕೂತು ಕೊಡೆಯನ್ನು ನಿಧಾನವಾಗಿ ಉರುಳಿಸತೊಡಗಿದರು. ಬೆಂದದ್ದು ಮೇಲೆ, ಬೇಯದ್ದು ಕೆಳಗೆ, ಮತ್ತೆ ಅದಲುಬದಲು. ಕೊನೆಗೆ ಬಿಚ್ಚಲು ಗುಂಡಿ ಒತ್ತಿದರೆ ಕೊಡೆ ಮಿಸುಕಲಿಲ್ಲ. ಸ್ಪ್ರಿಂಗು ಕಾದು ಸತ್ತುಹೋಗಿತ್ತು. ಭಾವ ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸಿ ಊಟ ಬಿಡಿಸಿ ಕೊಟ್ಟರು.

ಅಜ್ಜಿ ಆಲೂಗಡ್ಡೆಯನ್ನು ಊದಿ ಊದಿ ತಿಂದರು, ಜೋಳವನ್ನು ಉಳಿದ ಹಲ್ಲುಗಳ ಹತ್ತಿರಕ್ಕೇ ಒಯ್ದು ತಿಂದರು, ಇನ್ನೊಂದು ಕೇಳಿದರು. ಆಮೇಲೆ ಬಾಯೊರೆಸಿಕೊಂಡು ತೀರ್ಪು ಕೊಟ್ಟರು. "ಹೊಟ್ಟೆ ತುಂಬ್ತು. ಬೇಯಿಸಿದ್ದು ಇವನ ಕೊಡೆ, ಹೊತ್ತಿದ್ದು ಅವನ ಕಿಟಕಿ. ಕೋಣೆ ಇಬ್ಬರದೂ."

ಭಾವ ಹೋ ಎಂದು ಕೂಗಿ ಬಾಮೈದನ ಬೆನ್ನಿಗೆ ಗುದ್ದಿದರು. ಮಸಿ ಕೈಯ ಐದೂ ಬೆರಳು ಅಂಗಿಯ ಮೇಲೆ ಮೂಡಿದವು.

"ಮಾತು ಅಂದ್ರೆ ಮಾತು" ಎಂದಳು ಅಕ್ಕ. ನಗುತ್ತಲೇ ಹೇಳಿದಳು. ಹೇಳುತ್ತ ಪಕ್ಕದ ಮರಳನ್ನು ಅಂಗೈಯಿಂದ ಸವರಿದಳು. ಮೊದಲು ಮೇಜು ಹೋಯಿತು, ಆಮೇಲೆ ಮೆಷಿನ್ನು, ಕೊನೆಗೆ ಗೋಡೆಗಳು. ವಿಜ್ಞಾನಿ ಅದನ್ನು ನೋಡಬಾರದಿತ್ತು, ನೋಡಿಬಿಟ್ಟ.

ಅಷ್ಟರಲ್ಲಿ ಟೋಪಿಯವರು ಎದ್ದು ಬಂದರು. ವಿಜ್ಞಾನಿ ಅಂಗಿ ಸರಿ ಮಾಡಿಕೊಂಡ.

"ಬಹಳ ಹೊತ್ತಿಂದ ನೋಡ್ತಾ ಇದೀನಿ, ಕೇಳ್ದೆ ಇರೋಕಾಗ್ಲಿಲ್ಲ. ಎಲ್ಲಿ ಸಿಕ್ತು ಇದು?"

"ಎಲ್ಲೂ ಸಿಗಲ್ಲ ಸಾರ್. ನಾನೇ ಮಾಡಿದ್ದು. ಗುಂಡಿ ಒತ್ತಿದ್ರೆ..."

"ಗುಂಡಿ ಎಲ್ಲಿದೆ?" ಎಂದು ಟೋಪಿಯವರು ಬಾತುಕೋಳಿ ಚೀಲವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ನಮ್ಮ ಗ್ರಿಲ್ ಹಾಕೋಕೆ ಇಂಥದ್ದೇ ಒಂದು ಬೇಕಿತ್ತು. ಎಷ್ಟು ಗಟ್ಟಿ ಹೊಲಿಗೆ!"

"ಚೀಲ ನಂದು" ಎಂದಳು ಅಕ್ಕ. "ಆದ್ರೆ ಈಗ ಹೊಸದು ಒಪ್ಪಿಕೊಳ್ತಾ ಇಲ್ಲ ಅಣ್ಣ. ಇರೋದನ್ನ ಹೊಲಿಯೋಕೇ ಜಾಗ ಇಲ್ಲ."

ಬೆಂಕಿಗೆ ಹೊಳೆಯ ನೀರು ಸುರಿದು ಹೊರಟರು. ವಾಪಸ್ಸು ಬರುವಾಗ ಭಾವನ ಕಿಟಕಿ ಇನ್ನೂ ಭಾರವಾಗಿದ್ದಂತೆ ವಿಜ್ಞಾನಿಗೆ ಅನಿಸಿತು.

ಸೋಮವಾರ ಸಂಜೆ ಅವನು ಚೀಲ ಹಿಡಿದು ಅಡುಗೆಮನೆಗೆ ಬಂದ. ಕಡ್ಡಿ ತಿವಿದು ಒಂದು ಕಡೆ ಹರಿದಿತ್ತು.

"ಅಕ್ಕ, ಒಂದು ಹೊಲಿಗೆ ಹಾಕ್ಕೊಡ್ತೀಯಾ?"

"ಮೆಷಿನ್ ಈಗ ತಾನೆ ಇಳಿಸಿದೆ ಕಣೋ. ಊಟ ಆಗ್ಲಿ, ಪಾತ್ರೆ ಆಗ್ಲಿ, ಕಟ್ಟೆ ಒಣಗ್ಲಿ." ಅವಳು ತರಕಾರಿಯಿಂದ ಕಣ್ಣೆತ್ತಲಿಲ್ಲ. ಮೆಷಿನ್ನು ನೆಲದ ಮೇಲೆ, ಅಕ್ಕಿ ಡಬ್ಬಿಯ ಪಕ್ಕ, ಸೂಜಿ ಎತ್ತಿಕೊಂಡು ಕೂತಿತ್ತು.

ಅವನು ಗೆದ್ದ ಕೋಣೆಗೆ ಹೋಗಿ ಕೂತ. ಕಾಯುವುದೊಂದೇ ಕೆಲಸ. ಮನಸ್ಸು ಮರಳಿನ ಮೇಲೆ ಅಳಿಸಿಹೋದ ಚೌಕದ ಸುತ್ತ ತಿರುಗುತ್ತಿತ್ತು. ಕೈ ಸುಮ್ಮನಿರಲಿಲ್ಲ. ರಾಟೆಯನ್ನು ಎತ್ತಿತು, ತಿರುಗಿಸಿತು, ಬಲಗಡೆ ಇಟ್ಟಿತು. ಫ್ಯಾನಿನ ಸುಟ್ಟ ಜಾಲರಿಯೂ ಬಲಗಡೆ. ಅರ್ಧಕ್ಕೆ ಬಿಟ್ಟ ಬೂಟು ಒರೆಸುವ ಯಂತ್ರ ಬಲಗಡೆ. ಹತ್ತಿಕೊಂಡು ಆರದ ಟಾರ್ಚು, ಆರಿ ಹತ್ತದ ಟಾರ್ಚು, ಎರಡೂ ಬಲಗಡೆ. ಅವನಿಗೆ ಎಚ್ಚರವಾಗುವ ಹೊತ್ತಿಗೆ ಬಲಗಡೆ ಒಂದು ಬೆಟ್ಟವೆದ್ದಿತ್ತು. ಎಡಗಡೆ ಇದ್ದದ್ದು ಕಡ್ಡಿಗಳು ಬಗ್ಗಿ, ಬಿಚ್ಚದೆ ಬಿಗಿದುಕೊಂಡ ಆ ಮಸಿ ಕೊಡೆ ಒಂದೇ.

ಕಾರ್ಖಾನೆಯ ಮೇಜಿನಲ್ಲಿ ತನ್ನ ಕೈ ತಪ್ಪಿದ್ದಿಲ್ಲವೆಂದು ಅವನು ಹೆಮ್ಮೆಪಡುತ್ತಿದ್ದ. ಈಗ ಅದರ ಜೊತೆ ಜಗಳವಾಡುವುದು ಹೇಗೆ?

"ಭಾವ!" ಎಂದು ಕೂಗಿದ. "ಸ್ವಲ್ಪ ಬನ್ನಿ. ನಿಮ್ಮ ಕಬ್ಬಿಣ ಎತ್ತಬೇಕು."

"ಯಾಕೋ? ಗೆದ್ದಿದ್ದೀವಲ್ಲ!"

"ಕಿಟಕಿಗೆ ನಿಮ್ಮ ಗ್ರಿಲ್ ಅಳತೆ ಸರಿಯಾಗುತ್ತೆ ಅನ್ಸುತ್ತೆ. ಒಂದು ಸಲ ಹಿಡಿದು ನೋಡೋಣ."

ಭಾವನಿಗೆ ಗ್ರಿಲ್ಲಿನ ಮಾತು ಸಾಕು. ಅಡ್ಡ ಬಂದ ಕಬ್ಬಿಣವನ್ನೆಲ್ಲ ಇಬ್ಬರೂ ಹೊರಗಿಟ್ಟು, ರಟ್ಟು ಕಿತ್ತು, ಗ್ರಿಲ್ ಎತ್ತಿ ಹಿಡಿದರೆ, ಚೌಕಟ್ಟಿಗೆ ಹೇಳಿ ಮಾಡಿಸಿದಂತೆ ಕೂತಿತು. ಕಾಲು ಕತ್ತರಿಸುವುದೊಂದೇ ಬಾಕಿ. ಅವರು ಹಿಂದೆ ಸರಿದು ನಿಂತು ಹೂವನ್ನು ನೋಡಿದರು. "ನನ್ನ ಕೈಗೆ ಮೊದಲೇ ಗೊತ್ತಿತ್ತು ನೋಡು" ಎಂದರು. ಆ ಮಾತಿಗೆ ವಿಜ್ಞಾನಿ ನಗಲಿಲ್ಲ.

ಸದ್ದು ಕೇಳಿ ಅಕ್ಕ ಕೈಯಲ್ಲಿ ಚಾಕು ಹಿಡಿದೇ ಬಾಗಿಲಿಗೆ ಬಂದಳು. ಖಾಲಿಯಾದ ಅರ್ಧ ಕೋಣೆ, ಕಿಟಕಿಯಿಂದ ಬಂದ ಬೆಳಕು, ನೆಲದ ಮೇಲೆ ಹೂವಿನ ನೆರಳು. ಹಿಂದೆ, ಅಡುಗೆಮನೆಯಿಂದ, ತಮ್ಮ ಅವಳ ಮೆಷಿನ್ನನ್ನು ಮಗುವಿನಂತೆ ಎತ್ತಿಕೊಂಡು ಬರುತ್ತಿದ್ದ.

"ಏನೋ ಇದು? ಕೋಣೆ ನಿಮ್ಮದೇ ಅಂತ ಅಜ್ಜಿ ಹೇಳಿದಾರಲ್ಲ."

"ಹೇಳಿದಾರೆ. ಆದ್ರೆ ಚೀಲ ಇಲ್ದೆ ಗ್ರಿಲ್ ಸಾಗಿಸೋದು ಹೇಗೆ ಅಕ್ಕ? ಎಲ್ಲಾ ನನ್ನ ಸ್ವಾರ್ಥ ಕಣೆ. ದಾರಿ ಬಿಡು, ಭಾರ ಇದೆ."

ಅವಳು ದಾರಿ ಬಿಟ್ಟಳು. ಕಿಟಕಿಯ ಪಕ್ಕ ಅವನು ಅದನ್ನಿಟ್ಟ ಮೇಲೆ ಮೂಗಿನ ತುದಿ ಒರೆಸಿಕೊಂಡು ಕೇಳಿದಳು. "ಸರಿಯಾಗಿ ನೋಡಿ ಇಟ್ಟಿದ್ದೀಯಾ? ಇದು ಎಡಗಡೆನೋ, ಬಲಗಡೆನೋ?"

"ಎಡಗಡೆ" ಎಂದ ವಿಜ್ಞಾನಿ.

"ಹಂಗಾದ್ರೆ ಆ ಚೀಲ ಇಲ್ಲಿ ಕೊಡು" ಎಂದು ಅಕ್ಕ ಚಾಕುವನ್ನು ಅವನ ಕೈಗಿಟ್ಟಳು. "ತರಕಾರಿ ಅರ್ಧ ಹೆಚ್ಚಿದೆ. ಉಳಿದದ್ದು ನೀನು ಹೆಚ್ಚು. ನೋಡ್ಕೊಂಡು ಹೆಚ್ಚು, ಕೈ ಮೇಲೆ ಬಿಟ್ಬಿಡಬೇಡ."